ಬೆಳಗಿನ ಆರು ಗಂಟೆಯ ಕೆರೆ

2012ರ ಜೂನಿನಲ್ಲಿ ನಮ್ಮ ನಡುಮನೆಯಲ್ಲಿ ಎರಡು ಕಾಗದಗಳಿದ್ದವು. ಒಂದು ನನ್ನ ಸಿಇಟಿ ರ‍್ಯಾಂಕಿನದು. ಇನ್ನೊಂದು ಪಿಯು ಮಂಡಳಿಯ ಅರ್ಹತಾ ಪತ್ರ. ದ್ವಿತೀಯ ಪಿಯುಸಿಯಲ್ಲಿ ಮೊದಲ ಶೇಕಡಾ 1ರಷ್ಟು ಮಕ್ಕಳಲ್ಲಿ ನಾನೂ ಒಬ್ಬಳೆಂದೂ, ಮೂಲವಿಜ್ಞಾನ ಓದುವುದಾದರೆ ಇನ್‌ಸ್ಪೈರ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದೆಂದೂ ಅದರಲ್ಲಿತ್ತು. ನಮ್ಮದು ಹುಣಸೂರು ತಾಲ್ಲೂಕಿನ ಹಳ್ಳಿ, ಹೊಗೆಸೊಪ್ಪು ಬೆಳೆಯುವವರು ನಾವು. ಜೂನ್ ಅಂದರೆ ನಮ್ಮ ಕಡೆ ಕೈಯಿಂದ ದುಡ್ಡು ಹೋಗುವ ಕಾಲವೇ ಹೊರತು ಬರುವ ಕಾಲವಲ್ಲ. ಗೊಬ್ಬರ, ಕೂಲಿ ಎಲ್ಲ ಸಾಲದ ಮೇಲೇ ನಡೆಯಬೇಕು.

"ಬಿಎಸ್ಸಿ ಓದಿ ಏನ್ ಮಾಡಿಯವ್ವ? ಸೀಟ್ ಸಿಕ್ಕದೆ, ಇಂಜಿನಿಯರಿಂಗ್ ಸೇರ್ಕೊ" ಎಂದು ಚಿಕ್ಕಪ್ಪ ಪಟ್ಟು ಹಿಡಿದಿದ್ದರು. ಅಪ್ಪ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಎರಡನೇ ಕಾಗದವನ್ನು ನನ್ನ ಕೈಗೆ ಕೊಟ್ಟು ಇನ್ನೊಂದು ಸಲ ಓದಿಸಿದರು. ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 60,000 ವಿದ್ಯಾರ್ಥಿಯ ಖಾತೆಗೆ, ಉಳಿದ 20,000 ಬೇಸಿಗೆಯ ಸಂಶೋಧನಾ ಪ್ರಾಜೆಕ್ಟಿಗೆ ಮೀಸಲು. "ಇದ ತಿರ್ಗಾ ಕಟ್ಬೇಕಾ?" ಎಂದರು. ಇಲ್ಲಪ್ಪ ಎಂದೆ. "ಹಂಗಾದ್ರೆ ನಿಂಗಿಷ್ಟ ಬಂದದ್ದ ಓದು."

ಹಾಗೆ ಮೈಸೂರಿನ ಯುವರಾಜ ಕಾಲೇಜಿಗೆ ಬಂದೆ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ನನ್ನ ವಿಷಯಗಳು.

ಹಣ ಕೈಗೆ ಬರುವ ಮೊದಲು ಒಂದು ಕಷ್ಟ ಎದುರಾಯಿತು. ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಇದ್ದ ಇನಿಷಿಯಲ್ ಪಾಸ್‌ಬುಕ್ಕಿನಲ್ಲಿ ಹೆಸರಿನ ಮುಂದೆ ಹೋಗಿ ಕೂತಿತ್ತು, ಅದರಲ್ಲೂ ಒಂದಕ್ಷರ ಬೇರೆ. ಅದನ್ನು ತಿದ್ದಿಸುವುದಕ್ಕೆ ನಾನೂ ಅಪ್ಪನೂ ಬ್ಯಾಂಕಿಗೆ ಆರು ಸಲ ಅಲೆದೆವು. ಪ್ರತಿ ಸಲವೂ ಇನ್ನೊಂದು ಪ್ರತಿ, ಇನ್ನೊಂದು ಸಹಿ. ಮೊದಲ ವರ್ಷವೆಲ್ಲ ಸರಸ್ವತಿಪುರಂ ಹಾಸ್ಟೆಲಿನ ಮೆಸ್ ಬಾಕಿ ಬೆಳೆಯುತ್ತಲೇ ಹೋಯಿತು. ಮೆಸ್ ನೋಡಿಕೊಳ್ಳುತ್ತಿದ್ದ ಅಮ್ಮ ಒಂದು ದಿನವೂ ತಟ್ಟೆಯ ಮುಂದೆ ಲೆಕ್ಕ ಎತ್ತಲಿಲ್ಲ. "ಬಂದಾಗ ಕೊಡು ಮಗ, ಮೊದ್ಲು ಉಣ್ಣು" ಎನ್ನುತ್ತಿದ್ದರು. ವರ್ಷದ ಕೊನೆಗೆ ಹಣ ಬಂದ ದಿನ ಅವರ ಪುಸ್ತಕದಲ್ಲಿ ನನ್ನ ಪುಟಕ್ಕೆ ಗೀಟು ಎಳೆಸಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆ ವಿದ್ಯಾರ್ಥಿವೇತನದ ಋಣದಲ್ಲಿ ಅರ್ಧ ಅವರಿಗೂ ಸೇರಬೇಕು.

ಇನ್‌ಸ್ಪೈರ್ ಶುರುವಾದದ್ದು 2008ರಲ್ಲಿ, ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯಿಂದ. ದೇಶದಲ್ಲಿ ವರ್ಷಕ್ಕೆ 10,000 ಮಕ್ಕಳಿಗೆಂದು ಇಟ್ಟ ವೇತನ ಅದು, ಚೆನ್ನಾಗಿ ಓದುವವರು ಮೂಲವಿಜ್ಞಾನದ ಕಡೆ ಉಳಿಯಲಿ ಎಂಬ ಉದ್ದೇಶದ್ದು. ನಾನು ಅಲ್ಲಿ ಉಳಿದದ್ದು ಹಣದಿಂದ ಹೌದು, ಆದರೆ ಹಣ ಕೊಟ್ಟ ಪುರುಸೊತ್ತಿನಿಂದ ಇನ್ನೂ ಹೆಚ್ಚು. ನನ್ನ ಜೊತೆಯ ಎಷ್ಟೋ ಹುಡುಗಿಯರು ಬೇಸಿಗೆ ರಜೆ ಬಂದ ಕೂಡಲೇ ಮನೆಪಾಠಕ್ಕೋ ಅಂಗಡಿಯ ಲೆಕ್ಕ ಬರೆಯಲಿಕ್ಕೋ ಹೋಗಬೇಕಿತ್ತು. ನನಗೆ ಒಂದೇ ಒಂದು ಪ್ರಶ್ನೆಯನ್ನು ಹಿಡಿದು ಎಂಟು ವಾರ ಕೂರುವ ಅವಕಾಶ ಸಿಕ್ಕಿತು.

ಎರಡನೇ ವರ್ಷದ ಬೇಸಿಗೆ. ಪ್ರಾಜೆಕ್ಟಿಗೆ ನಾನು ದೊಡ್ಡ ದೊಡ್ಡ ವಿಷಯಗಳನ್ನು ಬರೆದುಕೊಂಡು ಹೋಗಿದ್ದೆ. ನಮ್ಮ ಮೇಡಂ ಎಲ್ಲವನ್ನೂ ಓದಿ ಪಕ್ಕಕ್ಕಿಟ್ಟು, "ಕುಕ್ಕರಹಳ್ಳಿ ಕೆರೆಯ ನೀರಿನಲ್ಲಿ ಆಮ್ಲಜನಕ ಎಷ್ಟಿದೆ ಅಂತ ಹೇಳು, ಸಾಕು" ಎಂದರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೆರೆ, ಈಗ ವಿಶ್ವವಿದ್ಯಾಲಯದ್ದು. ಹಾಸ್ಟೆಲಿನಿಂದ ನಡೆದೇ ಹೋಗಬಹುದಿತ್ತು.

ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ವಿಂಕ್ಲರ್ ವಿಧಾನವನ್ನು ಪುಸ್ತಕದಲ್ಲಿ ಓದುವುದು ಬೇರೆ, ಕೆರೆಯ ಅಂಚಿನಲ್ಲಿ ಕೂತು ಮಾಡುವುದು ಬೇರೆ. 300 ಮಿಲಿಲೀಟರಿನ ಗಾಜಿನ ಬಾಟಲಿಯನ್ನು ನೀರಿನೊಳಗೇ ಓರೆಯಾಗಿ ಹಿಡಿದು ತುಂಬಿಸಬೇಕು. ಒಂದು ಗುಳ್ಳೆ ಒಳಗೆ ಉಳಿದರೂ ಕೆಟ್ಟಿತು, ಗಾಳಿಯ ಆಮ್ಲಜನಕ ಲೆಕ್ಕಕ್ಕೆ ಸೇರಿಬಿಡುತ್ತದೆ. ಪಿಪೆಟ್ಟಿನ ತುದಿಯನ್ನು ನೀರಿನೊಳಗೆ ಇಳಿಸಿ ಮ್ಯಾಂಗನೀಸ್ ಸಲ್ಫೇಟ್ ಬಿಡಬೇಕು, ಆಮೇಲೆ ಕ್ಷಾರದ ಅಯೊಡೈಡ್. ಮುಚ್ಚಳ ಹಾಕಿ ಬಾಟಲಿಯನ್ನು ಬುಡಮೇಲು ಮಾಡುತ್ತ ಕಲಕಿದರೆ ಒಳಗೆ ಕಂದು ಬಣ್ಣದ ಮೋಡ ಕಟ್ಟಿಕೊಂಡು ನಿಧಾನವಾಗಿ ತಳಕ್ಕೆ ಇಳಿಯುತ್ತದೆ. ಆಮ್ಲಜನಕ ಇಲ್ಲದ ನೀರಾದರೆ ಆ ಮೋಡ ಬೆಳ್ಳಗೇ ಉಳಿಯುತ್ತದೆ. ಲ್ಯಾಬಿಗೆ ತಂದು ಆಮ್ಲ ಹಾಕಿ, ಸ್ಟಾರ್ಚ್ ಹಾಕಿ, ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಡುತ್ತ ಕಡುನೀಲಿ ಮಾಯವಾಗುವ ಆ ಒಂದು ಹನಿಗೆ ಕಾಯಬೇಕು. ಈ ಟೈಟ್ರೇಶನ್ನಿಗೆ ಎಷ್ಟು ಥಯೋಸಲ್ಫೇಟ್ ಹಿಡಿಯಿತೋ ಅದರಿಂದಲೇ ಆಮ್ಲಜನಕದ ಲೆಕ್ಕ. ಮೊದಲ ವಾರ ಆ ಹನಿಯನ್ನು ದಾಟಿ ಹೋಗದ ದಿನವೇ ಇರಲಿಲ್ಲ.

ಕೈ ಪಳಗಿದ ಮೇಲೂ ಲೆಕ್ಕ ಕೂಡಲಿಲ್ಲ. ಹತ್ತಿರ ಹತ್ತಿರ 25 ಡಿಗ್ರಿಯ ನೀರು ಗಾಳಿಯಿಂದ ಹಿಡಿದುಕೊಳ್ಳಬಲ್ಲ ಆಮ್ಲಜನಕ ಲೀಟರಿಗೆ ಸುಮಾರು 8 ಮಿಲಿಗ್ರಾಂ. ಮಧ್ಯಾಹ್ನ ಮೂರು ಗಂಟೆಗೆ ತೆಗೆದ ನನ್ನ ನೀರಿನಲ್ಲಿ ಪ್ರತಿ ದಿನವೂ ಅದಕ್ಕಿಂತ ಹೆಚ್ಚು ಬರುತ್ತಿತ್ತು. ಗುಳ್ಳೆ ಬಿಟ್ಟಿದ್ದೇನೆ ಎಂದುಕೊಂಡು ಮೂರು ದಿನದ ಅಂಕಿಗಳನ್ನು ಹೊಡೆದು ಹಾಕಿದೆ. ಮೇಡಂಗೆ ತೋರಿಸಿದಾಗ ಅವರು ಸಿಟ್ಟಾದದ್ದು ಅಂಕಿಗಳಿಗಲ್ಲ, ಹೊಡೆದು ಹಾಕಿದ್ದಕ್ಕೆ. "ನೋಟ್‌ಬುಕ್ಕಿನಲ್ಲಿ ಬರೆದದ್ದನ್ನ ಅಳಿಸೋ ಹಕ್ಕು ನಿನಗಿಲ್ಲ. ನಾಳೆ ಬೆಳಿಗ್ಗೆ ಆರು ಗಂಟೆಗೆ ಹೋಗು" ಎಂದರು.

ಹೋದೆ, ಒಬ್ಬಳೇ ಅಲ್ಲ. ನನ್ನ ಬೆಂಚಿನ ಗೆಳತಿ ಜೊತೆಗೆ ಬಂದಳು. ಅವಳ ಅಂಕ ನನಗಿಂತ ಕೆಲವೇ ಕಡಿಮೆ, ಆದರೆ ಶೇಕಡಾ 1ರ ಗೆರೆ ನಮ್ಮಿಬ್ಬರ ನಡುವೆ ಹಾದುಹೋಗಿತ್ತು. ಅವಳಿಗೆ ವೇತನವೂ ಇಲ್ಲ, ಪ್ರಾಜೆಕ್ಟೂ ಇಲ್ಲ. ಹತ್ತು ಗಂಟೆಯಿಂದ ಸಂಜೆಯವರೆಗೆ ಅವಳಿಗೆ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಬೆಳಗಿನ ಹೊತ್ತು ಮಾತ್ರ ಅವಳದು, ಅದನ್ನು ಕೆರೆಗೆ ಕೊಟ್ಟಳು. ವಾಕಿಂಗ್ ಬಂದವರು ನಿಂತು ನೋಡುತ್ತಿದ್ದರು. ದಡದ ಮರಗಳಿಂದ ಹೆಜ್ಜಾರ್ಲೆಗಳು ಒಂದೊಂದಾಗಿ ನೀರಿಗಿಳಿಯುತ್ತಿದ್ದವು. ಅವಳು ಬಾಟಲಿ ಮುಳುಗಿಸಿದಳು, ನಾನು ಪಿಪೆಟ್ಟು ಹಿಡಿದೆ.

ಕಂದು ಮೋಡ ಕಟ್ಟಿತು, ಆದರೆ ತೆಳ್ಳಗೆ. ಮಧ್ಯಾಹ್ನದ್ದು ಬೆಲ್ಲದ ಪಾಕದಂತಿದ್ದರೆ ಇದು ನೀರು ಹೆಚ್ಚಾದ ಚಹಾದಂತೆ. ಟೈಟ್ರೇಶನ್ ಮುಗಿದಾಗ ಅಂಕಿ ಮಧ್ಯಾಹ್ನದ ಅರ್ಧಕ್ಕೂ ಬರಲಿಲ್ಲ. ಉತ್ತರವನ್ನು ಬಾಯಿಬಿಟ್ಟು ಮೊದಲು ಹೇಳಿದವಳು ಅವಳು: "ರಾತ್ರಿಯೆಲ್ಲ ಪಾಚಿ ಉಸಿರಾಡಿರ್ತದೆ ಕಣೇ." ಹೌದು. ಮೇ ತಿಂಗಳ ಆ ಹಸಿರು ನೀರಿನಲ್ಲಿ ಪಾಚಿ ಹಗಲೆಲ್ಲ ಬಿಸಿಲು ಕುಡಿದು, ನೀರು ಹಿಡಿಸಲಾರದಷ್ಟು ಆಮ್ಲಜನಕ ತುಂಬುತ್ತದೆ. ಕತ್ತಲಾದ ಮೇಲೆ ಅದೇ ಪಾಚಿ ಅದನ್ನು ಉಸಿರಾಡಿ ಮುಗಿಸುತ್ತದೆ. ಪಾಚಿ ಹೆಚ್ಚಾದ ಕೆರೆಗಳಲ್ಲಿ ಮೀನು ಬೆಳಗಿನ ಜಾವ ಸಾಯುವುದು ಇದರಿಂದಲೇ. ನನ್ನ ಅಂಕಿಗಳು ಸರಿಯೇ ಇದ್ದವು.

ವರದಿ ಬೈಂಡ್ ಆಗುವಾಗ ಮೇಡಂ ರಕ್ಷಾಪುಟದಲ್ಲಿ ಎರಡು ಹೆಸರು ಹಾಕಿಸಿದರು. ವಿದ್ಯಾರ್ಥಿವೇತನ ಒಬ್ಬಳದಲ್ಲವೇ ಎಂದು ಯಾರೋ ಕೇಳಿದ್ದಕ್ಕೆ, ಕೆಲಸ ಇಬ್ಬರದು ಎಂದರು. ಯುವರಾಜ ಕಾಲೇಜಿನಲ್ಲಿ ನಾನು ಕಂಡ ಅತಿ ದೊಡ್ಡ ನ್ಯಾಯ ಅದು.

ಮುಂದೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಎಂಎಸ್ಸಿಗೂ ಅದೇ ವೇತನ ಮುಂದುವರಿಯಿತು. ಈಗ ನಾನು ಕುಡಿಯುವ ನೀರು ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿದ್ದೇನೆ. ನಮ್ಮ ಕಾಲದಲ್ಲಿ ಪದವಿ ಮೂರು ವರ್ಷದ್ದು. 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು, 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರೇ ವರ್ಷ. ಬಡವರ ಮನೆಗೆ ಒಂದು ವರ್ಷದ ಖರ್ಚು ಉಳಿಯಿತು ಎನ್ನುವುದು ನಿಜ, ಅದನ್ನು ನಾನು ಒಪ್ಪುತ್ತೇನೆ. ಆದರೆ ಒಂದು ಪ್ರಶ್ನೆಯ ಜೊತೆ ಕೂರುವ ಕಾಲ ಪ್ರತಿ ಮಗುವಿಗೂ ಎಲ್ಲಾದರೂ ಒಂದು ಕಡೆ ಸಿಗಲೇಬೇಕು, ರಜೆಯಲ್ಲಾದರೂ ಸರಿ. ಈಗಿನ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ: ಬೇಸಿಗೆಯಲ್ಲಿ ಲ್ಯಾಬಿನ ಬಾಗಿಲು ತೆಗೆದಾಗ ಪಟ್ಟಿಯಲ್ಲಿ ಹೆಸರಿಲ್ಲದವರನ್ನೂ ಒಳಗೆ ಕರೆಯಿರಿ.

ಗೆಳತಿ ಈಗ ಚಾಮರಾಜನಗರ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರ್. ಹೋದ ತಿಂಗಳು ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದ್ದಳು. ಊರಿನ ಕಟ್ಟೆಯ ಮೇಲೆ ಎಂಟನೇ ತರಗತಿಯ ಮಕ್ಕಳು ಸಾಲಾಗಿ ಕೂತಿದ್ದಾರೆ. ನಡುವಿನ ಹುಡುಗಿಯ ಕೈಯಲ್ಲಿ ಬಾಟಲಿ, ತಳದಲ್ಲಿ ಕಂದು ಮೋಡ. ಕೆಳಗೆ ಬರೆದಿದ್ದಳು: "ಬೆಳಿಗ್ಗೆ ಆರು ಗಂಟೆ. ಗುಳ್ಳೆ ಇಲ್ಲ."