ನಂಜನಗೂಡಲ್ಲಿ ಮಗಳ ಬೆಲ್ಲದ ತುಲಾಭಾರ

ಕಾರ್ತಿಕ ಸೋಮವಾರ ನಂಜನಗೂಡಿಗೆ ಹೋಗಿ ಮಗಳದ್ದು ಬೆಲ್ಲದ ತುಲಾಭಾರ ಮಾಡಿಸ್ಕೊಂಡು ಬಂದ್ವಿ. ಹರಕೆ ಹೊತ್ತಿದ್ದು ನಮ್ಮತ್ತೆ, ತೀರಿಸಿದ್ದು ನಾವೆಲ್ಲಾ ಸೇರಿ. ಮೈಸೂರಿಂದ 25 ಕಿಲೋಮೀಟರ್ ಒಳಗೇ ಇರೋ ಊರು, ನಾನು ಚಿಕ್ಕೋಳಿದ್ದಾಗಿಂದ ಎಷ್ಟು ಸಲ ಹೋಗಿದೀನೋ ಲೆಕ್ಕ ಇಲ್ಲ, ಆದ್ರೆ ಈ ಸಲದ್ದು ಬರೆದಿಡ್ಬೇಕು ಅನ್ನಿಸ್ತು.

ದುಡ್ಡಿನ ವಿಷ್ಯ ಮೊದಲು ಹೇಳ್ಬಿಡ್ತೀನಿ. ನಮ್ಮನೆಯವರು ಷೇರು ಮಾರ್ಕೆಟಿನ ಆಪ್ಷನ್ ಟ್ರೇಡಿಂಗಲ್ಲಿ 11 ಲಕ್ಷ ಕಳ್ಕೊಂಡ್ರು. ಸೈಟ್ ತಗೋಬೇಕು ಅಂತ ಒಂಬತ್ತು ವರ್ಷದಿಂದ ಕೂಡಿಟ್ಟಿದ್ದು, ಜೊತೆಗೆ ನನ್ನ ಸರ ಬಳೆ ಅಡ ಇಟ್ಟು ತಂದಿದ್ದು. ಹೀಗೆ ಟ್ರೇಡಿಂಗ್ ಮಾಡೋರಲ್ಲಿ ನೂರಕ್ಕೆ 93 ಜನ ಕಳ್ಕೊಂಡಿದಾರೆ ಅಂತ 2024ರಲ್ಲಿ ಷೇರು ಮಾರ್ಕೆಟ್ ಮೇಲೆ ಕಣ್ಣಿಡೋ ಸೆಬಿಯವರೇ ಲೆಕ್ಕ ಕೊಟ್ಟಿದ್ರು, ಅದನ್ನ ಓದಿದ್ಮೇಲೂ ಉಳಿದ ಏಳು ಜನದಲ್ಲಿ ನಾವಿರ್ತೀವಿ ಅಂತಾನೇ ಮನಸ್ಸು ಹೇಳುತ್ತೆ ನೋಡಿ. ಎರಡು ತಿಂಗಳು ನಂಗೆ ಹೇಳ್ಲೇ ಇಲ್ಲ ಇವ್ರು. ಗೊತ್ತಾದ ಮೇಲೆ ಮನೇಲಿ ಒಂದು ದಿನಾನೂ ನೆಮ್ಮದಿಯಾಗಿ ಊಟ ಆಗ್ಲಿಲ್ಲ, ತಟ್ಟೆ ಮುಂದೆ ಕೂತ್ರೆ ಅದೇ ಮಾತು, ಅಳು, ಇಲ್ಲಾ ಮೌನ. ಅತ್ತೆ ಒಬ್ರೇ ಹೇಳ್ತಾ ಇದ್ರು, "ಹೋಗ್ಲಿ ಬಿಡ್ರೋ, ಜೀವ ಉಳಿದ್ರೆ ಬೆಲ್ಲ ಬೇಡ್ಕೊಂಡು ತಿನ್ಬೋದು" ಅಂತ. ನಂಗೆ ಆಗ ಕೋಪ ಬರ್ತಿತ್ತು, ಅಡ ಇರೋದು ನನ್ನ ಬಳೆ, ಇವ್ರಿಗೇನು ಅಂತ.

ಪ್ರತಿ ಸೋಮವಾರ ದೀಪ ಹಚ್ಚಿ ನಂಜುಂಡೇಶ್ವರನ್ನ ಒಂದೇ ಕೇಳ್ತಿದ್ದೆ. "ಸ್ವಾಮಿ, ಹೋಗಿದ್ದನ್ನ ವಾಪಸ್ ಕೊಡ್ಸು, ಮಿಕ್ಕಿದ್ದು ನಾನು ನೋಡ್ಕೋತೀನಿ."

ಆಗಸ್ಟಲ್ಲಿ ಮಗಳಿಗೆ ಜ್ವರ ಬಂತು. ನಾಲ್ಕನೇ ದಿನ ಇಳೀತು, ಅಬ್ಬಾ ಅಂತ ಸ್ಕೂಲ್ ಬ್ಯಾಗ್ ತೆಗೆದಿಟ್ಟೆ, ಸಂಜೆ ಹೊತ್ತಿಗೆ ಹೊಟ್ಟೆನೋವು, ವಾಂತಿ, ಕೈಕಾಲು ತಣ್ಣಗೆ. ಡೆಂಗ್ಯೂಲಿ ಜ್ವರ ಬಿಟ್ಟ ಮೇಲಿನ ಒಂದೆರಡು ದಿನಾನೇ ಅಪಾಯ ಅಂತ ಡಾಕ್ಟರು ಹೇಳಿದ್ಮೇಲೆ ಗೊತ್ತಾಗಿದ್ದು, ಮಕ್ಕಳಿರೋರು ದಯವಿಟ್ಟು ಇದೊಂದು ನೆನಪಿಟ್ಕೊಳಿ. ರಕ್ತದಲ್ಲಿ ಪ್ಲೇಟ್ಲೆಟ್ ಒಂದೂವರೆ ಲಕ್ಷದ ಮೇಲಿರ್ಬೇಕಂತೆ, ನಮ್ಮ ಮಗೂಗೆ 24 ಸಾವಿರ. ಆಸ್ಪತ್ರೆ ಕಾರಿಡಾರಲ್ಲಿ ಇವ್ರು ಫೋನ್ ಹಿಡ್ಕೊಂಡು ಲ್ಯಾಬ್ ಮೆಸೇಜ್ ಬಂತಾ ಅಂತ ನಿಮಿಷಕ್ಕೊಂದ್ಸಲ ನೋಡ್ತಿದ್ರು. ಮಾರ್ಕೆಟ್ ನೋಡ್ತಿದ್ದಿದ್ದೂ ಅದೇ ಫೋನಲ್ಲೇ, ಹಾಗೇ ಬಗ್ಗಿಕೊಂಡು. ಆ ಆರು ದಿನ ನಮ್ಮಿಬ್ರಿಗೂ ಲಕ್ಷ ಅಂದ್ರೆ ಪ್ಲೇಟ್ಲೆಟ್ ಅಷ್ಟೇ, ಬೇರೆ ಯಾವ ಲಕ್ಷಾನೂ ನೆನಪಾಗ್ಲಿಲ್ಲ. ಅತ್ತೆ ಮನೇಲಿ ಅರಿಶಿನದ ಬಟ್ಟೇಲಿ ಕಾಸು ಕಟ್ಟಿ, ಮಗು ಎದ್ದು ಬಂದ್ರೆ ಅವಳ ತೂಕದ ಬೆಲ್ಲ ಕೊಡ್ತೀನಿ ಅಂತ ಹರಕೆ ಹೊತ್ಕೊಂಡಿದ್ರು.

ಮಿಕ್ಕಿದ್ದು ನಾನು ನೋಡ್ಕೋತೀನಿ ಅಂದಿದ್ನಲ್ಲ. ಆ ಮಿಕ್ಕಿದ್ದು ಅಂದ್ರೆ ಅವಳೇ. ಐಸಿಯು ಬಾಗಿಲ ಹೊರಗೆ ಕೂತಾಗ ಆ ಮಾತು ನೆನಪಾಗಿ ಎದೆ ಧಸಕ್ ಅಂತು. ಸ್ವಾಮಿ ತಪ್ಪಾಯ್ತು ಅಂತ ಕೆನ್ನೆ ಬಡ್ಕೊಂಡೆ.

ನವೆಂಬರಲ್ಲಿ ಹೋದಾಗ ಕಪಿಲಾ ನದಿ ಶಾಂತವಾಗಿತ್ತು. ಮಳೆಗಾಲದಲ್ಲಿ ಕಬಿನಿ ಡ್ಯಾಮಿಂದ ನೀರು ಜಾಸ್ತಿ ಬಿಟ್ರೆ ಹದಿನಾರು ಕಾಲು ಮಂಟಪಾನೇ ಮುಳುಗೋಗುತ್ತೆ, ಈಗ ಅದೇ ಮಂಟಪದ ಹತ್ರ ಹೆಂಗಸರು ಸೀರೆ ಒಣಗಿಸ್ತಿದ್ರು. ಸ್ನಾನ ಮಾಡಿ ಕ್ಯೂಗೆ ನಿಂತ್ವಿ. ಮುಂದೆ ಮುಡಿ ಕೊಟ್ಟು ಬಂದ ಒಂದು ಸಂಸಾರ, ಒಳಗೆ ಉರುಳು ಸೇವೆ ಮಾಡೋರು. ಇಲ್ಲಿ ಬರೋರಲ್ಲಿ ಕಾಯಿಲೆ ಕಸಾಲೆ ಹರಕೆ ಹೊತ್ತೋರೇ ಜಾಸ್ತಿ. ಟಿಪ್ಪು ಸುಲ್ತಾನನ ಪಟ್ಟದ ಆನೆಗೆ ಕಣ್ಣು ಹೋಗಿತ್ತಂತೆ, ಇಲ್ಲಿ ಹರಕೆ ಹೊತ್ತು 48 ದಿನ ಪೂಜೆ ಮಾಡಿಸಿದ ಮೇಲೆ ಕಣ್ಣು ಬಂತಂತೆ, ಅದಕ್ಕೆ ಅವನು ಪಚ್ಚೆ ಲಿಂಗ ಕೊಟ್ಟು ಹಕೀಂ ನಂಜುಂಡ, ಅಂದ್ರೆ ವೈದ್ಯ ನಂಜುಂಡ ಅಂತ ಕರೆದ ಅಂತ ಹೇಳ್ತಾರೆ. ಬೊಕ್ಕಸ ಎಲ್ಲಾ ಅವನ ಕೈಲೇ ಇತ್ತು, ಆದ್ರೂ ಒಂದು ಆನೆ ಕಣ್ಣಿಗೋಸ್ಕರ ಇಲ್ಲಿಗೆ ಬರ್ಬೇಕಾಯ್ತು.

ಕ್ಯೂ ನಿಂತಿದ್ದಾಗ ನಾನು ಯೋಚ್ನೆ ಮಾಡ್ತಿದ್ದಿದ್ದು ನಂಜಿನ ಬಗ್ಗೆ. ಸಮುದ್ರ ಕಡೆದಾಗ ಲಕ್ಷ್ಮಿ ಎದ್ದು ಬಂದಿದ್ದೂ ಅದೇ ಕಡಲಿಂದ, ಹಾಲಾಹಲ ಬಂದಿದ್ದೂ ಅದೇ ಕಡಲಿಂದ, ಅದೂ ಮೊದಲು ಬಂದಿದ್ದು ಹಾಲಾಹಲವೇ. ಶಿವ ಅದನ್ನ ಕುಡಿದ, ಪಾರ್ವತಿ ಕುತ್ತಿಗೆ ಒತ್ತಿ ಹಿಡಿದ್ಳು, ಒಳಗೆ ಇಳೀಲಿಲ್ಲ, ಆಚೆ ಬಂದು ಲೋಕಾನೂ ಸುಡ್ಲಿಲ್ಲ, ಗಂಟಲಲ್ಲೇ ನಿಂತ್ಕೊಂತು. ಇವ್ರು ಎರಡು ತಿಂಗಳು ಒಬ್ರೇ ನುಂಗ್ಕೊಂಡು ಕೂತಿದ್ರಲ್ಲ, ನಂಗೆ ಗೊತ್ತಾದಾಗ ನಾನು ಕುತ್ತಿಗೆಗೆ ಕೈ ಇಡ್ಲಿಲ್ಲ, ಮನೆಮಂದಿ ಮೇಲೆಲ್ಲಾ ಅದೇ ವಿಷ ಕಾರಿದೆ, ಹೋಂವರ್ಕ್ ಮಾಡ್ತಾ ಕೂತಿದ್ದ ಮಗು ಮೇಲೂ. ಅಮ್ಮನವರ ಗುಡಿ ಮುಂದೆ ನಿಂತಾಗ ಇದನ್ನೇ ಹೇಳ್ಕೊಂಡು ಕಣ್ಣೀರು ಹಾಕ್ದೆ.

ಆಮೇಲೆ ತುಲಾಭಾರ. ದೊಡ್ಡ ತಕ್ಕಡಿಯ ಒಂದು ತಟ್ಟೇಲಿ ಮಗಳನ್ನ ಕೂರಿಸಿದ್ರು, ಹಸಿರು ಲಂಗ, ಎರಡೂ ಕೈಲಿ ಸರಪಳಿ ಗಟ್ಟಿಯಾಗಿ ಹಿಡ್ಕೊಂಡಿದ್ಲು. ಡಿಸ್ಚಾರ್ಜ್ ದಿನ ಅವಳ ತೂಕ ಹದಿನೆಂಟೂವರೆ ಕೆಜಿ ಇತ್ತು. ಈಕಡೆ ಅಚ್ಚು ಬೆಲ್ಲ ಇಡ್ತಾ ಹೋದ್ರು, ಅತ್ತೆ ಒಂದೊಂದೇ ಎತ್ತಿಕೊಡ್ತಿದ್ರು, ಇಪ್ಪತ್ತು ಕೆಜಿ ಮುಗೀತು, ಆದ್ರೂ ಅವಳ ತಟ್ಟೆ ನೆಲ ಬಿಟ್ಟು ಏಳ್ಲಿಲ್ಲ. ಅಂಗಡಿಯಿಂದ ಇನ್ನೂ ತಂದ್ರು. ಕೊನೆಗೆ ಎರಡು ಅಚ್ಚು ಇಟ್ಟಾಗ ತಟ್ಟೆ ಅಲ್ಲಾಡ್ತಾ ಮೇಲೆ ಬಂತು, ಅತ್ತೆ "ಮೈ ಹಿಡಿದಿದೆ ಕಣೆ ಮಗೀಗೆ" ಅಂತ ಸೆರಗಲ್ಲಿ ಕಣ್ಣು ಒರೆಸ್ಕೊಂಡ್ರು. ಅವ್ರ ಕೈಯೆಲ್ಲಾ ಬೆಲ್ಲದ ಅಂಟು.

ನಮ್ಮ ಹಿಂದಿದ್ದೋರು ನಾಣ್ಯದ ತುಲಾಭಾರಕ್ಕೆ ಮೂಟೆ ತಂದಿದ್ರು. ಇವ್ರಿಗೆ ಲೆಕ್ಕದ ಚಾಳಿ, ಮೆಲ್ಲಗೆ ನನ್ನ ಕಿವೀಲಿ ಹೇಳಿದ್ರು, "ಹತ್ತು ರೂಪಾಯಿ ನಾಣ್ಯದಲ್ಲಿ ತೂಗಿದ್ರೂ ಇವಳ ತೂಕಕ್ಕೆ 26 ಸಾವಿರ ದಾಟ್ಬೋದು ಅಷ್ಟೇ. ನಾನು ಕಳೆದಿದ್ದು ಎಂಟು ಕ್ವಿಂಟಾಲ್ ಮೇಲಾಗುತ್ತೆ ಕಣೆ." ಅಷ್ಟು ಹೇಳಿ ಮುಂದೆ ಮಾತಾಡಕ್ಕಾಗ್ಲಿಲ್ಲ ಅವ್ರಿಗೆ. ನಾನು ಅವ್ರ ಕೈ ಹಿಡ್ಕೊಂಡೆ. ಐದಾರು ತಿಂಗಳಾಗಿತ್ತು ಹಾಗೆ ಹಿಡ್ಕೊಂಡು.

ದುಡ್ಡು ದೊಡ್ಡದಲ್ಲ ಅಂತ ನಾನು ಹೇಳಲ್ಲ. ಬಳೆ ಇನ್ನೂ ಅಡದಲ್ಲೇ ಇದೆ, ತಿಂಗಳು ತಿಂಗಳು ಬಡ್ಡಿ ಕಟ್ತಾ ಇದೀವಿ, ಆಸ್ಪತ್ರೆ ಬಿಲ್ಲಿಗೂ ಇವ್ರ ಕಂಪನಿ ಇನ್ಶೂರೆನ್ಸ್ ಇಲ್ದೇ ಇದ್ದಿದ್ರೆ ಏನ್ ಗತಿಯಾಗ್ತಿತ್ತೋ. ಸೈಟ್ ಕನಸು ಈಗ ದೂರ. ಸೋಮವಾರದ ದೀಪ ಈಗ್ಲೂ ಹಚ್ತೀನಿ, ಆದ್ರೆ ಕೇಳೋದು ಮೊದಲು ಇವ್ರೆಲ್ಲರ ಆರೋಗ್ಯ, ಸಾಲ ತೀರ್ಸೋ ಶಕ್ತಿ ಕೊಡು ಅನ್ನೋದು ಅದಾದ ಮೇಲೆ.

ಆಚೆ ಬಂದು ನಂಜನಗೂಡು ರಸಬಾಳೆ ಸಿಗುತ್ತಾ ಅಂತ ಹುಡುಕಿದ್ವಿ, ರೋಗ ಬಿದ್ದು ತೋಟಗಳೆಲ್ಲಾ ಕಮ್ಮಿಯಾಗಿವೆ, ಸುಲಭಕ್ಕೆ ಸಿಗಲ್ಲ, ರೇಟೂ ಜಾಸ್ತಿ. ಒಂದು ಅಜ್ಜಿ ಹತ್ರ ಅರ್ಧ ಡಜನ್ ಸಿಕ್ತು. ಆಸ್ಪತ್ರೆಯಿಂದ ಬಂದ ಮೇಲೆ ತುಂಬಾ ದಿನ ನಮ್ಮ ಮಗಳಿಗೆ ಅನ್ನ ಕಂಡ್ರೆ ಆಗ್ತಿರ್ಲಿಲ್ಲ, ಎರಡು ತುತ್ತಿಗೆ ಸಾಕು ಅಂತಿದ್ಲು. ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಒಂದು ಬಾಳೆಹಣ್ಣು ತಿಂದ್ಳು, ಇನ್ನೊಂದು ತಿಂದ್ಳು, ಆಮೇಲೆ ಅವರಜ್ಜಿ ಮಡಿಲಿಗೆ ಕೈ ಹಾಕಿ ಮೂರನೇದು ತೆಗೆದು, "ಸುಲಿದ್ಕೊಡಜ್ಜಿ" ಅಂದ್ಲು.