ಕೋಡ್ ಮುಟ್ಟುವ ಮೊದಲು ಐಡಲ್ ನೋಡಿ

ನೋಡ್ (ಜಾವಾಸ್ಕ್ರಿಪ್ಟನ್ನು ಬ್ರೌಸರ್‌ನ ಹೊರಗೆ ಓಡಿಸುವ ವ್ಯವಸ್ಥೆ) ಸರ್ವರ್ ನಿಧಾನವಾಯಿತು ಎಂಬ ದೂರು ಬಂದಾಗ ಮೊದಲು ತಿಳಿಯಬೇಕಾದದ್ದು ಒಂದೇ: ಅದು ದುಡಿದು ದುಡಿದು ತಡವಾಗುತ್ತಿದೆಯೋ, ಇನ್ನಾರಿಗೋ ಕಾಯುತ್ತಾ ತಡವಾಗುತ್ತಿದೆಯೋ? ಸಿಪಿಯು ಪ್ರೊಫೈಲ್, ಅಂದರೆ ಯಾವ ಫಂಕ್ಷನ್ ಎಷ್ಟು ಹೊತ್ತು ಓಡಿತು ಎಂಬ ದಾಖಲೆ, ತೋರಿಸುವುದು ದುಡಿಮೆಯನ್ನು ಮಾತ್ರ. ಒಂದು ರಿಕ್ವೆಸ್ಟ್ ಡೇಟಾಬೇಸ್‌ಗಾಗಿ 800 ಮಿಲಿಸೆಕೆಂಡ್ ಕಾದರೂ ಆ ಹೊತ್ತು ಯಾವ ಫಂಕ್ಷನ್ನಿನ ಲೆಕ್ಕಕ್ಕೂ ಬೀಳುವುದಿಲ್ಲ. ಬೇರೆ ಕೆಲಸ ಇಲ್ಲದಿದ್ದರೆ ‘ಐಡಲ್’ (ಬಿಡುವು) ಎಂದು ದಾಖಲಾಗುತ್ತದೆ. ಇದನ್ನು ಗಮನಿಸದೆ ಪಟ್ಟಿಯ ಮೇಲಿನ ಫಂಕ್ಷನ್ ಹಿಡಿದು ತಿದ್ದುತ್ತಾ ಕೂತರೆ ದಿನಗಳೇ ಹಾಳು.

ವಿಎಸ್ ಕೋಡ್ ಎಡಿಟರ್‌ನಲ್ಲಿ ಪ್ರೊಫೈಲ್ ತೆಗೆಯಲು ಬೇರೆ ಸಾಧನ ಬೇಡ. ಜಾವಾಸ್ಕ್ರಿಪ್ಟ್ ಡೀಬಗ್ ಟರ್ಮಿನಲ್ ತೆರೆದು ಸರ್ವರ್ ಶುರು ಮಾಡಿ. ರನ್ ಆ್ಯಂಡ್ ಡೀಬಗ್ ಪಟ್ಟಿಯ ಕಾಲ್ ಸ್ಟ್ಯಾಕ್ ಭಾಗದಲ್ಲಿ ಪ್ರೋಸೆಸ್ ಹೆಸರಿನ ಪಕ್ಕದ ದುಂಡನೆಯ ರೆಕಾರ್ಡ್ ಬಟನ್ ಒತ್ತಿ, ಸಿಪಿಯು ಪ್ರೊಫೈಲ್ ಆರಿಸಿ. ನಿಲ್ಲಿಸುವುದನ್ನು ಕೈಯಾರೆ ಮಾಡಬಹುದು, ಇಂತಿಷ್ಟು ಸೆಕೆಂಡ್ ಎನ್ನಬಹುದು, ಅಥವಾ ಒಂದು ಬ್ರೇಕ್‌ಪಾಯಿಂಟ್ (ಓಟ ನಿಲ್ಲಲಿ ಎಂದು ಗುರುತಿಟ್ಟ ಸಾಲು) ತಲುಪುವವರೆಗೆ ಎನ್ನಬಹುದು. ಕ್ಲಸ್ಟರ್ (ಒಂದೇ ಸರ್ವರನ್ನು ಹಲವು ಪ್ರೋಸೆಸ್‌ಗಳಾಗಿ ಓಡಿಸುವ ವಿಧಾನ) ಬಳಸಿದ್ದರೆ ಅಲ್ಲಿ ಹಲವು ಪ್ರೋಸೆಸ್‌ಗಳು ಕಾಣುತ್ತವೆ. ಬಟನ್ ಒತ್ತಬೇಕಾದದ್ದು ರಿಕ್ವೆಸ್ಟ್ ಓದುವ ವರ್ಕರ್ ಮೇಲೆ; ಪ್ರೈಮರಿ ಪ್ರೋಸೆಸ್ಸಿನ ಪ್ರೊಫೈಲ್ ಬಹುತೇಕ ಖಾಲಿ ಇರುತ್ತದೆ.

ಲೋಡ್ (ರಿಕ್ವೆಸ್ಟ್‌ಗಳ ಒತ್ತಡ) ಇಲ್ಲದ ಪ್ರೊಫೈಲ್‌ನಿಂದ ಉಪಯೋಗವಿಲ್ಲ. ಆಟೋಕ್ಯಾನನ್‌ನಂಥ, ರಿಕ್ವೆಸ್ಟ್‌ಗಳನ್ನು ಒಂದೇ ಸಮನೆ ಕಳಿಸುವ ಸಾಧನದಿಂದ 50 ಕನೆಕ್ಷನ್ ಇಟ್ಟು 40 ಸೆಕೆಂಡ್ ಹೊಡೆಯಿರಿ, ಮೊದಲ 10 ಸೆಕೆಂಡ್ ಬಿಟ್ಟು ರೆಕಾರ್ಡ್ ಶುರು ಮಾಡಿ. ನೋಡ್‌ನೊಳಗಿನ ವಿ8 ಎಂಜಿನ್ ಕೋಡನ್ನು ಮೊದಲು ಇಂಟರ್‌ಪ್ರೆಟರ್‌ನಲ್ಲಿ ಓಡಿಸಿ, ಪದೇಪದೇ ಬಳಕೆಯಾದದ್ದನ್ನು ಆಮೇಲೆ ಆಪ್ಟಿಮೈಸ್ ಮಾಡುತ್ತದೆ. ಆರಂಭದ ಅಂಕಿಗಳನ್ನು ನಂಬಿದರೆ ಮಾಡ್ಯೂಲ್ ಲೋಡಿಂಗ್ ದೊಡ್ಡ ಖಳನಂತೆ ಕಾಣುತ್ತದೆ. ರೆಕಾರ್ಡ್ ನಡೆಯುವಾಗ ಬೇರೆ ಬ್ರೇಕ್‌ಪಾಯಿಂಟ್ ತೆಗೆದುಬಿಡಿ, ಕನ್ಸೋಲ್ ಲಾಗ್‌ಗಳನ್ನೂ ತಗ್ಗಿಸಿ. ಡೀಬಗರ್‌ಗೆ ಹೋಗುವ ಪ್ರತಿ ಲಾಗ್ ಸಾಲಿಗೂ ಬೆಲೆಯಿದೆ.

ಈಗ ಓದುವುದು. ಸೆಲ್ಫ್ ಟೈಮ್ ಎಂದರೆ ಆ ಫಂಕ್ಷನ್ ತಾನೇ ಸುಟ್ಟ ಕಾಲ. ಟೋಟಲ್ ಟೈಮ್‌ನಲ್ಲಿ ಅದು ಕರೆದವುಗಳದ್ದೂ ಸೇರಿದೆ. ಎಕ್ಸ್‌ಪ್ರೆಸ್ ಮಿಡಲ್‌ವೇರ್‌ನ (ಪ್ರತಿ ರಿಕ್ವೆಸ್ಟ್ ಹಾದುಹೋಗುವ ಫಂಕ್ಷನ್‌ಗಳ) ಟೋಟಲ್ ಯಾವಾಗಲೂ ದೊಡ್ಡದೇ, ಅದರಿಂದ ಏನೂ ತಿಳಿಯದು. ಸೆಲ್ಫ್ ಟೈಮ್ ಪ್ರಕಾರ ಜೋಡಿಸಿ ನೋಡಿ. ಅಲ್ಲಿ ಸಿಗುವ ಹಳೆಯ ಪರಿಚಿತರು: ಭಾರೀ ಆಬ್ಜೆಕ್ಟನ್ನು ಜೇಸನ್‌ಗೆ ಬದಲಿಸುವುದು, ಪ್ರತಿ ರಿಕ್ವೆಸ್ಟ್‌ಗೂ ಸಿಂಕ್ ವಿಧಾನದಲ್ಲಿ (ಮುಗಿಯುವವರೆಗೆ ಉಳಿದೆಲ್ಲ ನಿಲ್ಲುವಂತೆ) ಫೈಲ್ ಓದುವುದು, ಹೊಂದಿಕೆ ಹುಡುಕುತ್ತಾ ಪಠ್ಯದಲ್ಲಿ ಹಿಂದೆ ಮುಂದೆ ಓಡಾಡುವ ರೆಗ್ಯುಲರ್ ಎಕ್ಸ್‌ಪ್ರೆಷನ್. ಪ್ರೊಫೈಲನ್ನು ಪಟ್ಟೆಗಳಾಗಿ ಚಿತ್ರಿಸುವ ಫ್ಲೇಮ್ ಚಾರ್ಟ್ ಎಕ್ಸ್‌ಟೆನ್ಷನ್ ಹಾಕಿಕೊಂಡರೆ ಅಗಲವನ್ನು ನೋಡಬೇಕು, ಆಳವನ್ನಲ್ಲ. ಕಾಲವನ್ನು ಹೇಳುವುದು ಅಗಲ. ಬೇಡವಾದ ಮೆಮೊರಿ ಗುಡಿಸುವ ‘ಗಾರ್ಬೇಜ್ ಕಲೆಕ್ಟರ್’ ಪಾಲು ಗಮನಾರ್ಹವಾಗಿದ್ದರೆ ಸಿಪಿಯು ಪ್ರೊಫೈಲ್ ಅಲ್ಲಿಗೆ ಬಿಟ್ಟು ಹೀಪ್ ಪ್ರೊಫೈಲ್ ತೆಗೆಯಿರಿ. ಮೆಮೊರಿ ಯಾವ ಸಾಲಿನಲ್ಲಿ ಖರ್ಚಾಗುತ್ತಿದೆ ಎಂಬುದು ಅಲ್ಲಿ ಸಿಗುತ್ತದೆ.

ಐಡಲ್ ಹೆಚ್ಚಿದ್ದೂ ಉತ್ತರ ತಡವಾದರೆ ಡೇಟಾಬೇಸ್ ಕನೆಕ್ಷನ್ ಪೂಲ್ (ಒಟ್ಟಿಗೆ ತೆರೆದಿಡುವ ಕನೆಕ್ಷನ್‌ಗಳ ಗುಂಪು) ಎಷ್ಟಿದೆ ನೋಡಿ, ಜೊತೆಗೆ ಥ್ರೆಡ್ ಪೂಲ್ ಕೂಡ. ಪಾಸ್‌ವರ್ಡ್ ಹ್ಯಾಶಿಂಗ್‌ನ ಅಸಿಂಕ್ (ಮುಖ್ಯ ಥ್ರೆಡ್ಡನ್ನು ತಡೆಯದ) ರೂಪ, ಅಸಿಂಕ್ ಫೈಲ್ ಕೆಲಸ ಇವೆಲ್ಲ ನೋಡ್ ಬಳಸುವ ಲಿಬ್‌ಯುವಿ ಲೈಬ್ರರಿಯ ಥ್ರೆಡ್‌ಗಳಲ್ಲಿ ನಡೆಯುತ್ತವೆ, ಅವು ಡೀಫಾಲ್ಟ್ ಆಗಿ 4 ಮಾತ್ರ. ಐದನೆಯ ಹ್ಯಾಶ್ ಸರದಿಗಾಗಿ ಕಾಯುತ್ತದೆ. ಮುಖ್ಯ ಥ್ರೆಡ್ಡಿನ ಪ್ರೊಫೈಲ್‌ನಲ್ಲಿ ಅದರ ಸುಳಿವೇ ಇರದು. ಇಷ್ಟು ಜನ ಎಡವುವ ಜಾಗ ಇನ್ನೊಂದಿಲ್ಲ ಅನಿಸುತ್ತದೆ.

ಎಡಿಟರ್ ಇಲ್ಲದ ಕಡೆ ನೋಡ್‌ಗೆ ‘ಸಿಪಿಯು ಪ್ರಾಫ್’ ಫ್ಲ್ಯಾಗ್ ಕೊಟ್ಟು ಓಡಿಸಿದರೆ 1 ಮಿಲಿಸೆಕೆಂಡ್‌ಗೊಮ್ಮೆ ಮಾದರಿ ತೆಗೆದು ಫೈಲ್ ಬರೆಯುತ್ತದೆ, ಅದನ್ನು ತಂದು ವಿಎಸ್ ಕೋಡ್‌ನಲ್ಲೇ ತೆರೆಯಬಹುದು. ಆದರೆ ಫೈಲ್ ಬರೆಯುವುದು ಪ್ರೋಸೆಸ್ ಸರಿಯಾಗಿ ಮುಗಿದಾಗ ಮಾತ್ರ. ಟರ್ಮ್ ಸಿಗ್ನಲ್‌ನಿಂದ (ಪ್ರೋಸೆಸ್‌ಗೆ ನಿಲ್ಲು ಎನ್ನುವ ಸಂಕೇತ) ನಿಲ್ಲಿಸುವುದಾದರೆ, ಅದಕ್ಕೆ ಪ್ರತಿಕ್ರಿಯಿಸುವ ಹ್ಯಾಂಡ್ಲರ್ ಬರೆದಿಲ್ಲದಿದ್ದರೆ ಫೈಲ್ ಬರುವುದೇ ಇಲ್ಲ. ಸರ್ವರ್ ಮುಚ್ಚಿ, ಪ್ರೋಸೆಸ್ ಎಕ್ಸಿಟ್ ಕರೆಯುವ ಎರಡು ಸಾಲಿನ ಹ್ಯಾಂಡ್ಲರ್ ಸಾಕು. ಡೀಬಗರ್ ಸೇರಿಕೊಳ್ಳುವ ಇನ್‌ಸ್ಪೆಕ್ಟರ್‌ನ 9229 ಪೋರ್ಟನ್ನಂತೂ ಹೊರಗಿನ ನೆಟ್‌ವರ್ಕಿಗೆ ತೆರೆಯಬೇಡಿ. ಅಲ್ಲಿಗೆ ಸೇರಿದವರು ಸರ್ವರ್‌ನಲ್ಲಿ ಯಾವ ಕೋಡನ್ನಾದರೂ ಓಡಿಸಬಲ್ಲರು. ಎಸ್‌ಎಸ್‌ಎಚ್ ಟನಲ್ (ಗೂಢಲಿಪಿಯ ಸುರಕ್ಷಿತ ಸಂಪರ್ಕ) ಮೂಲಕವೇ ಹೋಗಿ. ಹೀಪ್ ಸ್ನ್ಯಾಪ್‌ಶಾಟ್ (ಆ ಕ್ಷಣದ ಮೆಮೊರಿಯ ಪೂರ್ಣ ಚಿತ್ರ) ತೆಗೆಯುವುದಿದ್ದರೆ ಆ ಯಂತ್ರವನ್ನು ಮೊದಲು ರಿಕ್ವೆಸ್ಟ್‌ಗಳನ್ನು ಹಂಚುವ ಲೋಡ್ ಬ್ಯಾಲೆನ್ಸರ್‌ನಿಂದ ಹೊರಗಿಡಿ: ಮುಗಿಯುವವರೆಗೆ ಮುಖ್ಯ ಥ್ರೆಡ್ ನಿಂತಿರುತ್ತದೆ, ಹೀಪ್‌ನ ಸುಮಾರು ಎರಡರಷ್ಟು ಮೆಮೊರಿಯೂ ಬೇಕಾಗುತ್ತದೆ.