ಬಂದೂಕಿಲ್ಲದ ಬ್ಯಾಟಿ: ಯಡಹಳ್ಳಿ ಕಾಡಿನಲ್ಲಿ ಚಿಂಕಾರದ ಜಾಡು ಹಿಡಿದು

ಬಾಗಲಕೋಟೆ ಜಿಲ್ಲೆಯಲ್ಲಿ ಕಾಡಿದೆ ಅಂದ್ರೆ ನಮ್ಮ ಕಡೆಯವರೇ ಎಷ್ಟೋ ಜನ ನಂಬುವುದಿಲ್ಲ. ಕಬ್ಬು, ಸಕ್ಕರೆ ಕಾರ್ಖಾನೆ, ಆಲಮಟ್ಟಿ ಹಿನ್ನೀರು ಇಷ್ಟೇ ಕಣ್ಣಿಗೆ ಬರುತ್ತವೆ. ಬೀಳಗಿ ಮತ್ತು ಮುಧೋಳ ತಾಲ್ಲೂಕಿನಲ್ಲಿ ಸುಮಾರು 96 ಚದರ ಕಿಲೋಮೀಟರ್ ಕುರುಚಲು ಕಾಡು ಇನ್ನೂ ಉಳಿದಿದೆ. 2016ರಲ್ಲಿ ಅದು ಯಡಹಳ್ಳಿ ಚಿಂಕಾರ ವನ್ಯಧಾಮವಾಯಿತು. ಚಿಂಕಾರ ಅಂದ್ರೆ ಜಿಂಕೆಯ ಹಾಗೆ ಕಾಣುವ ಒಂದು ಸಣ್ಣ ಹುಲ್ಲೆ. ಚಳಿಗಾಲದಲ್ಲಿ ಅಲ್ಲಿಗೆ ಹೋಗಿದ್ದೆ. ಪ್ರಾಣಿ ನೋಡುವುದಕ್ಕಿಂತ ಜಾಸ್ತಿ, ಅದನ್ನು ಹುಡುಕುವುದು ಹೇಗೆ ಅಂತ ಕಲಿಯುವ ಆಸೆ.

ಬಾಗಲಕೋಟೆಯಿಂದ ಗದ್ದನಕೇರಿ ಕ್ರಾಸ್, ಅಲ್ಲಿಂದ ಅನಗವಾಡಿ ಸೇತುವೆ ದಾಟಿ ಬೀಳಗಿ. ದಾರಿ ಸಲೀಸು. ಕಲಿಸುವವರು ಕಾಡಿನಂಚಿನ ಹಳ್ಳಿಯ ಒಬ್ಬ ಅಜ್ಜ. ಎಪ್ಪತ್ತು ದಾಟಿದವರು, ಬೇಡರ ಮನೆತನ. ಹುಡುಗರಾಗಿದ್ದಾಗ ಅಪ್ಪನ ಜೊತೆ ಬ್ಯಾಟಿಗೆ, ಅಂದ್ರೆ ಬೇಟೆಗೆ, ಹೋಗುತ್ತಿದ್ದರಂತೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಚಿಂಕಾರ ಈಗ ಅದರ ಮೊದಲ ಪಟ್ಟಿಯಲ್ಲಿದೆ, ಕೊಂದರೆ ಕನಿಷ್ಠ 3 ವರ್ಷ ಜೈಲು. ಅಜ್ಜ ಬ್ಯಾಟಿ ಬಿಟ್ಟು ಬಹಳ ಕಾಲವಾಯಿತು, ಕಾಡಿಗೆ ಹೋಗುವುದನ್ನು ಮಾತ್ರ ಬಿಟ್ಟಿಲ್ಲ.

ಈ ಸೀಮೆಯಲ್ಲಿ ಬೇಡರ ಮಾತು ಬಂದರೆ ಹಲಗಲಿ ಬಂದೇ ಬರುತ್ತದೆ. ಆಯುಧ ಒಪ್ಪಿಸಿ ಅಂತ ಬ್ರಿಟಿಷರು ಹೇಳಿದಾಗ ಹಲಗಲಿ ಬೇಡರು ಒಪ್ಪಲಿಲ್ಲ. 1857ರಲ್ಲಿ ಸೈನ್ಯ ಬಂದು ಊರಿಗೆ ಬೆಂಕಿ ಹಚ್ಚಿತು, ಹಲವರನ್ನು ಗಲ್ಲಿಗೇರಿಸಿತು. ಅಜ್ಜ ಇದನ್ನು ನಿನ್ನೆ ಮೊನ್ನೆ ನಡೆದ ಹಾಗೆ ಹೇಳುತ್ತಾರೆ.

ಅವರ ಮನೆ ಕಟ್ಟೆಯ ಮೇಲೆ ಒಂದು ಮುಧೋಳ ನಾಯಿ ಮಲಗಿತ್ತು. ಸಣ್ಣ ಸೊಂಟ, ಉದ್ದ ಮೂತಿ. ಮುಧೋಳದ ಘೋರ್ಪಡೆ ಅರಸರು ಬೆಳೆಸಿದ ತಳಿ. 2005ರಲ್ಲಿ ಇದರ ಅಂಚೆಚೀಟಿಯೂ ಬಂದಿದೆ. "ಇದು ಮೂಗ ನಂಬೂದಿಲ್ಲ ತಮ್ಮಾ, ಕಣ್ಣ ನಂಬತೈತಿ" ಅಂದರು ಅಜ್ಜ. ಅಲ್ಲೇ ಇದೆ ವಿಷಯ. ಪ್ರಾಣಿ ಕಣ್ಣಿಗೆ ಬಿದ್ದ ಮೇಲೆ ಓಡಿಸಿ ಹಿಡಿಯುವುದು ನಾಯಿ ಕೆಲಸ. ಅಲ್ಲಿಯ ತನಕ ಜಾಡು ಹುಡುಕಿ, ಗಾಳಿ ನೋಡಿ, ಸದ್ದಿಲ್ಲದೆ ಹತ್ತಿರ ಒಯ್ಯುವುದು ಮನುಷ್ಯನ ಕೆಲಸ. ನನಗೆ ಕಲಿಯಬೇಕಿದ್ದದ್ದು ಆ ಎರಡನೆಯದು. ನಾಯಿಯನ್ನು ಮನೆಯಲ್ಲೇ ಕಟ್ಟಿ ಹೊರಟೆವು. ಮೊದಲೇ ಅನುಮತಿ ಪಡೆದಿದ್ದರಿಂದ ಅರಣ್ಯ ಇಲಾಖೆಯ ಗಾರ್ಡ್ ಜೊತೆಗಿದ್ದರು.

ಬೆಳಕು ಹರಿಯುವ ಹೊತ್ತು. ಅಜ್ಜ ಒಂದು ಚಿಟಿಕೆ ಮಣ್ಣು ತೆಗೆದು ಎದೆಮಟ್ಟದಿಂದ ಉದುರಿಸಿದರು. ಧೂಳು ನಮ್ಮ ಕಡೆಗೇ ಬಂತು. "ಮದ್ಲ ಗಾಳಿ ನೋಡು. ನೀ ಅದನ್ನ ಕಾಣೂಕಿಂತ ಮದ್ಲ ಅದು ನಿನ್ನ ವಾಸನಿ ಹಿಡಿದಿರತೈತಿ." ಗಾಳಿಗೆ ಎದುರಾಗಿ ನಡೆದೆವು.

ಜಾಲಿ ಗಿಡಗಳ ನಡುವೆ ಒಂದು ಒಣ ಹಳ್ಳ. ಅದರ ಮರಳಿನಲ್ಲಿ ಹೆಜ್ಜೆಗಳು. ಅಜ್ಜ ಕುಕ್ಕರಗಾಲಲ್ಲಿ ಕೂತು ಕಡ್ಡಿಯಿಂದ ತೋರಿಸಿದರು. ಆಡಿನ ಗೊರಸು ಅಗಲ, ತುದಿ ಮೊಂಡು. ಚಿಂಕಾರದ್ದು ಎರಡು ಸಣ್ಣ ಸೀಳು, ಮುಂದಿನ ತುದಿ ಚೂಪು. ಅಂಚು ಇನ್ನೂ ಕುಸಿದಿಲ್ಲ, ಒಳಗೆ ಕಸ ಬಿದ್ದಿಲ್ಲ, ಇರುವೆಯೂ ದಾಟಿಲ್ಲ, ಅಂದ್ರೆ ಈಗಷ್ಟೇ ಹೋಗಿದೆ. ಸ್ವಲ್ಪ ಮುಂದೆ ಹಿಕ್ಕೆ ರಾಶಿ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಾಕಿ, ಇದು ನನ್ನ ಸೀಮೆ ಅಂತ ಗುರುತು ಮಾಡುವುದು ಚಿಂಕಾರದ ರೂಢಿ. ಮೇಲಿನವು ಕಪ್ಪಗೆ ಹೊಳೆಯುತ್ತಿದ್ದವು, ಕೆಳಗಿನವು ಬೂದಿ ಬಣ್ಣ. ನೀರಿನ ಹತ್ತಿರ ಕಾಯೋಣವಾ ಅಂತ ಕೇಳಿದೆ. "ಇದಕ್ಕ ನೀರ ಬೇಕಾಗೂದ ಕಮ್ಮಿ" ಅಂದರು. ಎಲೆಯಲ್ಲಿರುವ ರಸ ಮತ್ತು ಮಂಜಿನ ಹನಿ ನಂಬಿಕೊಂಡೇ ಅದು ಬಹಳ ದಿನ ಇರಬಲ್ಲದು.

ಆಮೇಲೆ ನಡಿಗೆಯ ಪಾಠ. ಅದು ತಲೆ ತಗ್ಗಿಸಿ ಮೇಯುವಾಗ ಮಾತ್ರ ಹೆಜ್ಜೆ ಇಡಬೇಕು. ತಲೆ ಎತ್ತಿದರೆ ಹೇಗಿದ್ದೀವೋ ಹಾಗೇ ನಿಂತುಬಿಡಬೇಕು. ನೇರ ಅದರ ಮೇಲೆ ಹೋಗಬಾರದು, ಓರೆಯಾಗಿ ಹೋಗಬೇಕು. ಕೇಳೋಕೆ ಸುಲಭ ಅಲ್ವಾ? ಒಂದು ಕಾಲು ಎತ್ತಿ ನಿಂತಾಗ ತೊಡೆ ನಡುಗುವುದು ನಿಂತವರಿಗೇ ಗೊತ್ತು.

ಕೊನೆಗೆ ಬಾರಿ ಗಿಡದ ಹಿಂದೆ ಎರಡು ಕಂಡವು. ಕೆಂಗಂದು ಮೈ, ಬಿಳಿ ಹೊಟ್ಟೆ, ಕಪ್ಪು ಬಾಲ ಪಟಪಟ ಅಲ್ಲಾಡುತ್ತಿತ್ತು. ಎರಡಕ್ಕೂ ಕೊಂಬು, ಹೆಣ್ಣಿನದು ತೀರಾ ಸಣ್ಣದು. ಚುಕ್ಕೆ ಜಿಂಕೆ, ಕಡವೆಗಳ ಕೊಂಬಿನ ಹಾಗೆ ಇವು ಉದುರಿ ಮತ್ತೆ ಬರುವಂಥವಲ್ಲ. ಜಿಂಕೆ ಅಂತ ಕರೆದರೂ ಇದು ಬೇರೆಯೇ ಕುಲ. ಗಂಡು ಮುಂಗಾಲು ನೆಲಕ್ಕೆ ಬಡಿದು ಸೀನಿದ ಹಾಗೆ ಸದ್ದು ಮಾಡಿತು. ಎರಡೂ ಜಿಗಿದು ಓಡಿದವು. ನಾನು ಮುಂದೆ ಹೆಜ್ಜೆ ಹಾಕುವಷ್ಟರಲ್ಲಿ ಅಜ್ಜ ತೋಳು ಹಿಡಿದರು. "ಸಾಕು. ಮುಂಜಾನಿ ಮೇವು ಕೆಡಸಬಾರದು."

ಇಷ್ಟು ವಿದ್ಯೆ ಈ ಅಜ್ಜನ ಜೊತೆಗೇ ಹೋಗಬಾರದು. ಕಾಡು ಕಾಯುವ ಹುಡುಗರಿಗೆ ಇಂಥವರ ಕೈಯಲ್ಲೇ ತರಬೇತಿ ಕೊಡಿಸಬೇಕು ಅಂತ ನನಗೆ ಬಲವಾಗಿ ಅನಿಸಿತು. ಯಾಕೆ ಅಂತ ವಾಪಸ್ ಬರುವಾಗ ಹಳ್ಳದಲ್ಲೇ ಗೊತ್ತಾಯಿತು. ಚಿಂಕಾರದ ಹೆಜ್ಜೆಗಳ ಮೇಲೆ ಬೇರೆ ಹೆಜ್ಜೆ ಬಿದ್ದಿದ್ದವು. ನನಗೆ ತೋಳದ್ದು ಇರಬಹುದು ಅನಿಸಿತು, ಈ ಕಾಡಿನಲ್ಲಿ ತೋಳ ಇವೆ. ಅಜ್ಜ ತಲೆ ಅಲ್ಲಾಡಿಸಿದರು. ತೋಳ ನೇರ ಗೆರೆಯಲ್ಲಿ ಹೋಗುತ್ತದೆ, ಇವು ಅಡ್ಡಾದಿಡ್ಡಿ ಹೋಗಿವೆ. ಊರ ನಾಯಿಗಳು, ಮೂರು. ಗಾರ್ಡ್ ಫೋಟೊ ತೆಗೆದು ಜಾಗ ಬರೆದುಕೊಂಡರು. ಅಜ್ಜ ರೊಟ್ಟಿ ಊಟಕ್ಕೂ ಕೂರದೆ, ರಾತ್ರಿ ನಾಯಿ ಬಿಡುವ ಮನೆ ಯಾವುದು ಅಂತ ಕೇಳಿಕೊಂಡು ಬರಲು ಓಣಿಯ ಕಡೆ ಹೊರಟರು.